ಕರಿಯನಿಗೆ ಇನ್ನೂ ಎಷ್ಟು ಖರ್ಚು ಮಾಡುವುದು?

ಪ್ರಶ್ನೆ: ಡಾಕ್ಟ್ರೇ, ನಮ್ಮ ಮನೆ ಕಾಪು ಹತ್ತಿರ. ಕರಿಯ ಊರ ನಾಯಿ, ಒಂಬತ್ತು ವರ್ಷ, 19 ಕೆ.ಜಿ. ತಿಂಗಳ ಹಿಂದಿನವರೆಗೂ ಚೆನ್ನಾಗಿಯೇ ಇದ್ದ. ಮಳೆ ಜೋರಾದ ಮೇಲೆ ಹಿಂಗಾಲು ಎಳೆಯುತ್ತಿದ್ದ. ಮೆಡಿಕಲ್‌ನಿಂದ ನೋವಿನ ಮಾತ್ರೆ ತಂದು ನಾಲ್ಕು ದಿನ ಅರ್ಧರ್ಧ ಕೊಟ್ಟೆವು. ಈಗ ಐದು ದಿನದಿಂದ ವಾಂತಿ, ಊಟ ಮುಟ್ಟುತ್ತಿಲ್ಲ. ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 6.2, ಪ್ಲೇಟ್‌ಲೆಟ್ 60,000. ‘ಕಿಡ್ನಿ ಹೋಗಿದೆ, ಅಡ್ಮಿಟ್ ಮಾಡಿ’ ಎಂದಿದ್ದಾರೆ. ಇದುವರೆಗೆ 18,500 ರೂಪಾಯಿ ಆಯಿತು, ಇನ್ನೂ 40,000 ಆಗಬಹುದಂತೆ. ಮುಂದಿನ ತಿಂಗಳು ಮಗಳ ಕಾಲೇಜು ಫೀಸು ಕಟ್ಟಬೇಕು. ಮಾವ ‘ನಾಯಿಗೆ ಅಷ್ಟು ದುಡ್ಡಾ?’ ಎನ್ನುತ್ತಾರೆ. ಆದರೆ ರಾತ್ರಿ ಮೂರು ಸಲ ಎದ್ದು ಜಗಲಿಗೆ ಹೋಗಿ ಅವನನ್ನು ಮುಟ್ಟಿ ನೋಡುವವರೂ ಅವರೇ. ಎಷ್ಟರ ತನಕ ಖರ್ಚು ಮಾಡುವುದು ಸರಿ? ನಿಲ್ಲಿಸಿದರೆ ಪಾಪ ಬರುತ್ತದಾ?

ಉತ್ತರ: ಪಾಪದ ಮಾತು ಆಮೇಲೆ ಆಡುವ. ನಿಮ್ಮ ಪತ್ರ ಓದುತ್ತಾ ಹೋದವನು ಆ ‘ಅರ್ಧರ್ಧ ನೋವಿನ ಮಾತ್ರೆ’ಯ ಹತ್ತಿರ ನಿಂತುಬಿಟ್ಟೆ. ಯಾವ ಮಾತ್ರೆ ಎಂದು ನೀವು ಬರೆದಿಲ್ಲ. ಡೈಕ್ಲೊಫೆನಾಕ್ ಅಥವಾ ಐಬುಪ್ರೊಫೆನ್ ಇದ್ದದ್ದಾದರೆ, ಅದು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಕಿಡ್ನಿಗೂ ಪೆಟ್ಟು ಕೊಡುತ್ತದೆ. ನಿಮ್ಮನ್ನು ಬೈಯಲಿಕ್ಕೆ ಹೇಳುತ್ತಿಲ್ಲ. ವಾರಕ್ಕೆ ಒಂದಾದರೂ ಇಂಥ ನಾಯಿ ನನ್ನ ಮೇಜಿನ ಮೇಲೆ ಬರುತ್ತದೆ. ಖಾಲಿ ಸ್ಟ್ರಿಪ್ ಮನೆಯಲ್ಲಿ ಎಲ್ಲಾದರೂ ಬಿದ್ದಿದ್ದರೆ ಹುಡುಕಿ ತೆಗೆದು ನಿಮ್ಮ ಡಾಕ್ಟರಿಗೆ ತೋರಿಸಿ. ಅವರಿಗೆ ಈ ವಿಷಯ ಹೇಳಿದ್ದೀರಾ? ಹೆಚ್ಚಿನವರು ಹೇಳುವುದಿಲ್ಲ, ಬೈತಾರೆ ಅಂತ ಹೆದರುತ್ತಾರೆ.

ಎಷ್ಟು ಖರ್ಚು ಮಾಡಬೇಕು ಎನ್ನುವುದು ಇದರ ಮೇಲೆಯೇ ನಿಂತಿದೆ. ‘ಕಿಡ್ನಿ ಹೋಗಿದೆ’ ಎಂದು ನಾವೆಲ್ಲ ಸುಲಭಕ್ಕೆ ಹೇಳಿಬಿಡುತ್ತೇವೆ. ಅದರೊಳಗೆ ಎರಡು ಬೇರೆ ಬೇರೆ ಕಾಯಿಲೆ ಉಂಟು. ಒಂದು, ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಸವೆದದ್ದು. ಅಂಥ ನಾಯಿ ತಿಂಗಳುಗಟ್ಟಲೆ ಮೊದಲೇ ಬಕೆಟ್ ಬಕೆಟ್ ನೀರು ಕುಡಿಯುತ್ತಿರುತ್ತದೆ, ಮೂತ್ರ ಜಾಸ್ತಿ ಮಾಡುತ್ತದೆ, ಬೆನ್ನುಮೂಳೆ ಕೈಗೆ ಸಿಗುವಷ್ಟು ಸೊರಗುತ್ತದೆ. ಅದರ ಕಿಡ್ನಿ ತಿರುಗಿ ಬರುವುದಿಲ್ಲ. ಕ್ರಿಯಾಟಿನಿನ್ ಎಂದರೆ ಕಿಡ್ನಿ ಹೊರಗೆ ಹಾಕಬೇಕಾದ ಕಸ, ಅದು ರಕ್ತದಲ್ಲಿ ಏರುವ ಹೊತ್ತಿಗೆ ಕೆಲಸ ಮಾಡುವ ಭಾಗದಲ್ಲಿ ಮುಕ್ಕಾಲು ಪಾಲು ಹೋಗಿಯೇ ಆಗಿರುತ್ತದೆ. ಇನ್ನೊಂದು, ನಾಲ್ಕೆಂಟು ದಿನದಲ್ಲಿ ಒಮ್ಮೆಲೇ ಪೆಟ್ಟು ತಿಂದದ್ದು. ನೋವಿನ ಮಾತ್ರೆಯಿಂದ, ಇಲಿ ಜ್ವರದಿಂದ, ಉಣ್ಣಿ ಜ್ವರದಿಂದ, ಹಾವು ಕಚ್ಚಿ. ಇದರಲ್ಲಿ ಕೆಲವು ನಾಯಿ ಸಾಯುತ್ತವೆ, ಕೆಲವು ಎದ್ದು ಕೂತು ಇನ್ನೂ ನಾಲ್ಕೈದು ವರ್ಷ ಬದುಕುತ್ತವೆ. ಮೊದಲನೆಯದಕ್ಕೆ ಹಾಕುವ ದುಡ್ಡು ದಿನಗಳನ್ನು ಕೊಡುತ್ತದೆ. ಎರಡನೆಯದಕ್ಕೆ ಹಾಕುವ ದುಡ್ಡು ನಾಯಿಯನ್ನೇ ವಾಪಸ್ ಕೊಡಬಹುದು. ನಿಮ್ಮ ಕರಿಯ ತಿಂಗಳ ಹಿಂದೆ ಚೆನ್ನಾಗಿದ್ದ, ಸೊರಗಿದ್ದಾನೆ ಎಂದು ನೀವು ಬರೆದಿಲ್ಲ, ಮಾತ್ರೆ ತಿಂದಿದ್ದಾನೆ, ಪ್ಲೇಟ್‌ಲೆಟ್ ಕಡಿಮೆ ಇದೆ. ನೋಡದೆ ಖಚಿತ ಹೇಳಲಾರೆ, ಆದರೆ ನನ್ನ ಮನಸ್ಸು ಎರಡನೆಯದರ ಕಡೆಗೆ ವಾಲುತ್ತದೆ.

6.2 ಎಂದರೆ ಎಷ್ಟು? ನಾಯಿಗೆ ಸುಮಾರು ಒಂದೂವರೆಯೊಳಗೆ ಇರಬೇಕು. 5 ದಾಟಿದರೆ ಕಿಡ್ನಿ ಕಾಯಿಲೆಯ ನಾಲ್ಕನೆಯ ಹಂತ, ಅಂದರೆ ಕೊನೆಯದು ಎಂದು ಲೆಕ್ಕ. ನೀವು ಗೂಗಲ್ ಮಾಡಿ ಇದನ್ನು ಓದಿಯೇ ಇರುತ್ತೀರಿ, ಹೆದರಿಯೂ ಇರುತ್ತೀರಿ. ಆದರೆ ಆ ಹಂತದ ಲೆಕ್ಕ ಇರುವುದು ಹಳೇ ಕಾಯಿಲೆಯ ನಾಯಿಗೆ, ಅದೂ ಮೈಯಲ್ಲಿ ನೀರಿನಂಶ ಸರಿ ಇರುವಾಗ ತೆಗೆದ ರಕ್ತಕ್ಕೆ. ಐದು ದಿನ ವಾಂತಿ ಮಾಡಿ ಒಣಗಿದ ನಾಯಿಯಲ್ಲಿ ಬಂದ 6.2ನ್ನು ನಾಲ್ಕನೆಯ ಹಂತ ಎಂದು ಓದಬಾರದು. ಅದರಲ್ಲಿ ಎಷ್ಟು ಪಾಲು ಬರೀ ನೀರಿಲ್ಲದ್ದಕ್ಕೆ ಏರಿದ್ದೋ ಯಾರಿಗೆ ಗೊತ್ತು? ಹೆಗಲ ಮೇಲಿನ ಚರ್ಮ ಎಳೆದು ಬಿಟ್ಟು ನೋಡಿ. ಟಪ್ಪನೆ ಕೂರದೆ ಗುಡಾರದ ಹಾಗೆ ನಿಂತರೆ ಒಣಗಿದ್ದಾನೆ ಎಂದರ್ಥ. ವಸಡು ಮುಟ್ಟಿ, ಅಂಟಂಟಾಗಿದ್ದರೂ ಹಾಗೆಯೇ.

ಈಗ ದುಡ್ಡಿಗೆ ಬರುವ. ದೊಡ್ಡ ಟೆಸ್ಟಿಗೆ ಮೊದಲು ಎರಡು ಸಣ್ಣದು ಕೇಳಿ. ಒಂದು ಮೂತ್ರ ಪರೀಕ್ಷೆ, ಅದರಲ್ಲೂ ಮೂತ್ರದ ಸಾಂದ್ರತೆ. ಒಣಗಿದ ನಾಯಿಯ ಕಿಡ್ನಿ ಸರಿ ಇದ್ದರೆ ಅದು ನೀರನ್ನು ಹಿಡಿದಿಟ್ಟು ಗಟ್ಟಿ ಮೂತ್ರ ಬಿಡಬೇಕು, 1.030ರ ಮೇಲೆ. ಸೋತ ಕಿಡ್ನಿ 1.010ರ ಆಸುಪಾಸಿನಲ್ಲಿ ನೀರು ನೀರೇ ಬಿಡುತ್ತದೆ. ಒಂದು ಹನಿ ಮೂತ್ರ ಸಾಕು, ಎರಡು ನಿಮಿಷದ ಕೆಲಸ. ಡ್ರಿಪ್ ಹಾಕುವ ಮೊದಲು ಮಾಡಿದರೆ ಮಾತ್ರ ಅದಕ್ಕೆ ಬೆಲೆ. ಎರಡನೆಯದು ಹೊಟ್ಟೆಯ ಸ್ಕ್ಯಾನ್. ಕಿಡ್ನಿ ಸಣ್ಣದಾಗಿ, ಉಬ್ಬುತಗ್ಗಾಗಿ ಕಂಡರೆ ಹಳೇ ಕಾಯಿಲೆ. ಗಾತ್ರ ಸರಿ ಇದ್ದರೆ ಅಥವಾ ಊದಿಕೊಂಡಿದ್ದರೆ ಹೊಸ ಪೆಟ್ಟು. ಉಣ್ಣಿ ಜ್ವರಕ್ಕೆ ರಕ್ತದ ಸ್ಮಿಯರ್, ಅಂದರೆ ಗಾಜಿನ ಮೇಲೆ ಸವರಿದ ಒಂದು ಹನಿ ರಕ್ತ, ಸೂಕ್ಷ್ಮದರ್ಶಕದಲ್ಲಿ ನೋಡಲು ಹೇಳಿ, ಅದೂ ದುಬಾರಿ ಅಲ್ಲ. ಬೇರೆ ಯಾವ ಟೆಸ್ಟ್ ಬರೆದರೂ ಒಂದೇ ಪ್ರಶ್ನೆ ಕೇಳಿ: ‘ಇದರ ರಿಸಲ್ಟ್ ಬಂದರೆ ಮದ್ದು ಬದಲಾಗ್ತದಾ ಡಾಕ್ಟ್ರೇ?’ ಬದಲಾಗುವುದಿಲ್ಲ ಎಂದಾದರೆ ಆ ದುಡ್ಡು ಡ್ರಿಪ್ಪಿಗೆ ಇರಲಿ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಇಲಿ ಜ್ವರ ನಮ್ಮ ಕರಾವಳಿಗೆ ಹೊಸತಲ್ಲ, ಮಳೆಗಾಲದಲ್ಲಿ ಮನುಷ್ಯರಿಗೂ ಬರುತ್ತದೆ. ನಾಯಿಗೂ ಅದೇ ರೋಗ, ಕಿಡ್ನಿಗೆ ಹೊಡೆಯುತ್ತದೆ, ಪ್ಲೇಟ್‌ಲೆಟ್ ಇಳಿಸುತ್ತದೆ, ಮೈಕೈ ನೋವಿನಿಂದ ಕಾಲು ಎಳೆಯುವುದೂ ಉಂಟು. ನಾಯಿಯ ಮೂತ್ರದಿಂದ ಮನೆಯವರಿಗೆ ಹರಡಬಹುದು. ಹಾಗಾಗಿ ಇಲಿ ಜ್ವರ ಅಲ್ಲ ಎಂದು ಗೊತ್ತಾಗುವ ತನಕ ಕರಿಯನ ಮೂತ್ರ, ಅವನು ಮಲಗಿದ ಗೋಣಿ ಮುಟ್ಟುವಾಗ ಕೈಗೆ ಗ್ಲೌಸ್ ಇರಲಿ. ಜಗಲಿಯನ್ನು ಬ್ಲೀಚಿಂಗ್ ನೀರಿನಿಂದ ತೊಳೆಯಿರಿ. ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ‘ನಮ್ಮ ನಾಯಿಗೆ ಹೀಗೀಗೆ’ ಎಂದು ಡಾಕ್ಟರಿಗೆ ಮೊದಲ ಮಾತಿನಲ್ಲೇ ಹೇಳಿ. ಇದರ ಮದ್ದು ಮಾತ್ರ ದುಬಾರಿ ಅಲ್ಲ. ವಾಂತಿ ನಿಲ್ಲುವ ತನಕ ಪೆನಿಸಿಲಿನ್ ಜಾತಿಯ ಇಂಜೆಕ್ಷನ್, ಆಮೇಲೆ ಡಾಕ್ಸಿಸೈಕ್ಲಿನ್ ಮಾತ್ರೆ. ಉಣ್ಣಿ ಜ್ವರದಲ್ಲಿ ಹೆಚ್ಚು ಕಾಣುವ ಎರ್ಲಿಕಿಯಾಕ್ಕೂ ಅದೇ ಡಾಕ್ಸಿಸೈಕ್ಲಿನ್, ನಾಲ್ಕು ವಾರ.

ಆ 40,000ವನ್ನು ಇಡಿಗಂಟಾಗಿ ನೋಡಬೇಡಿ. ಅಲ್ಲಿಯೇ ಎಲ್ಲರೂ ಸಿಕ್ಕಿಬೀಳುವುದು. ‘40,000 ಹಾಕುವುದಾ, ಬಿಡುವುದಾ’ ಎಂದು ಯೋಚಿಸಿದರೆ ಎರಡೂ ತಪ್ಪು ಅನ್ನಿಸುತ್ತದೆ. ಮೂರು ದಿನದ ಲೆಕ್ಕ ಹಾಕಿ. ಮೂರು ದಿನ ಡ್ರಿಪ್, ವಾಂತಿಯ ಇಂಜೆಕ್ಷನ್, ಆ್ಯಂಟಿಬಯೋಟಿಕ್. ರಾತ್ರಿ ಅಲ್ಲಿ ಯಾರೂ ನೋಡಿಕೊಳ್ಳುವವರಿಲ್ಲ ಎಂದಾದರೆ ಅಡ್ಮಿಟ್ ಮಾಡಿ ಪ್ರಯೋಜನ ಇಲ್ಲ. ಬೆಳಿಗ್ಗೆ ಬಿಟ್ಟು ಸಂಜೆ ಕರೆದುಕೊಂಡು ಬರಬಹುದಾ ಎಂದು ಕೇಳಿ, ಖರ್ಚು ಗಣನೀಯವಾಗಿ ಇಳಿಯುತ್ತದೆ. ಮೂತ್ರ ಎಷ್ಟು ಮಾಡುತ್ತಾನೆ ಎಂದು ಬರೆದಿಡಿ. ನಾಲ್ಕನೆಯ ದಿನ ಬೆಳಿಗ್ಗೆ ಮತ್ತೊಮ್ಮೆ ಕ್ರಿಯಾಟಿನಿನ್. 6.2 ಇದ್ದದ್ದು 3ರ ಹತ್ತಿರ ಬಂದರೆ, ವಾಂತಿ ನಿಂತರೆ, ಮುಂದಿನ ಮೂರು ದಿನಕ್ಕೆ ದುಡ್ಡು ಹಾಕುವುದರಲ್ಲಿ ಅರ್ಥ ಉಂಟು. 6ರಲ್ಲೇ ನಿಂತರೆ ಅಥವಾ ಏರಿದರೆ, ಮೈ ತುಂಬ ನೀರು ಕೊಟ್ಟರೂ ಮೂತ್ರ ಬಾರದಿದ್ದರೆ, ಅಲ್ಲಿಗೆ ನಿಲ್ಲಿಸಿ. ಡ್ರಿಪ್ ಮುಂದುವರಿಸಿದರೆ ಆ ನೀರು ಶ್ವಾಸಕೋಶಕ್ಕೆ ಹೋಗುತ್ತದೆ. ನಡುವೆ ಎಲ್ಲೋ 4.5ರಲ್ಲಿ ನಿಂತರೆ? ಆಗ ಮನೆಯ ಆರೈಕೆ, ಅದನ್ನು ಕೆಳಗೆ ಹೇಳುತ್ತೇನೆ.

ಡಯಾಲಿಸಿಸ್ ಬಗ್ಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಚೆನ್ನೈನ ಮದ್ರಾಸ್ ವೆಟರ್ನರಿ ಕಾಲೇಜಿನಲ್ಲಿ ನಾಯಿಗಳಿಗೆ ಮಾಡುತ್ತಾರೆ, ಹೌದು. ಉಡುಪಿಯಿಂದ ಏಳುನೂರು ಕಿಲೋಮೀಟರಿಗಿಂತ ದೂರ. ತಿರುಗಿ ಬರಬಲ್ಲ ಕಿಡ್ನಿಗೆ ಸಮಯ ಕೊಡಲು ಅದು ಒಳ್ಳೆಯದು. ಸವೆದ ಕಿಡ್ನಿಗೆ ಮಾಡಿಸಿದರೆ ಮಾಡಿಸುತ್ತಲೇ ಇರಬೇಕು. ನಿಮ್ಮ ಜಾಗದಲ್ಲಿ ನಾನಿದ್ದರೆ ಹೋಗುವುದಿಲ್ಲ. ಎರಡನೆಯ ಅಭಿಪ್ರಾಯ ಬೇಕೆಂದರೆ ಶಿವಮೊಗ್ಗದ ವೆಟರ್ನರಿ ಕಾಲೇಜು ಉಂಟು, ಆದರೆ ವಾಂತಿ ಮಾಡುವ ನಾಯಿಯನ್ನು ಈ ಮಳೆಯಲ್ಲಿ ಆಗುಂಬೆ ಘಾಟಿ ಹತ್ತಿಸುವ ಬದಲು ರಿಪೋರ್ಟ್‌ಗಳ ಫೋಟೋ ಕಳಿಸಿ ಮಾತಾಡಿದರೆ ಸಾಕಾಗಬಹುದು. ಹತ್ತಿರದ ಸರಕಾರಿ ಪಶು ಆಸ್ಪತ್ರೆಯನ್ನೂ ಮರೆಯಬೇಡಿ. ಚೀಟಿಯ ದುಡ್ಡು ಹೆಸರಿಗಷ್ಟೇ. ಅಲ್ಲಿರುವವರೂ ನಾವು ಓದಿದ ಕಾಲೇಜಿನಲ್ಲೇ ಓದಿದವರು. ಡ್ರಿಪ್, ಇಂಜೆಕ್ಷನ್ ಅಲ್ಲಿ ಹಾಕಿಸಿ, ಸ್ಕ್ಯಾನ್ ಮಾತ್ರ ಹೊರಗೆ ಮಾಡಿಸುವವರು ಎಷ್ಟೋ ಜನ ಇದ್ದಾರೆ. ಇದರಲ್ಲಿ ನಾಚಿಕೆ ಎಂತದ್ದು?

ಇನ್ನು ನಿಮ್ಮ ಮಿತಿ ಎಷ್ಟು ಎನ್ನುವುದು. ಅದನ್ನು ನಾನು ಹೇಳಲು ಬರುವುದಿಲ್ಲ, ಆದರೆ ಹೇಗೆ ಹುಡುಕುವುದು ಎಂದು ಹೇಳಬಲ್ಲೆ. ‘ಈ ದುಡ್ಡು ಹೋಗಿ, ಕರಿಯನೂ ಹೋದರೆ, ಮುಂದಿನ ತಿಂಗಳು ಮನೆ ನಡೆಯುತ್ತದಾ?’ ಹೌದು ಎನ್ನುವ ಮೊತ್ತ ಎಷ್ಟೋ ಅಷ್ಟೇ ನಿಮ್ಮ ಮಿತಿ. ಮಗಳ ಫೀಸು ಅದರೊಳಗೆ ಬರುವುದಿಲ್ಲ. ಮಾವನ ಬಿಪಿ ಮಾತ್ರೆ ಬರುವುದಿಲ್ಲ. ಚಿನ್ನ ಅಡವಿಡುವುದು, ಸೊಸೈಟಿಯಲ್ಲಿ ಸಾಲ ಎತ್ತುವುದು, ಈ ವಾರ ಎರಡನ್ನೂ ಮಾಡಬೇಡಿ. ನಾಯಿ ಕಣ್ಣೆದುರು ನರಳುವಾಗ ಎತ್ತಿದ ಸಾಲವನ್ನು ಅದು ಸತ್ತು ವರ್ಷವಾದ ಮೇಲೂ ಕಟ್ಟುತ್ತಿರುವವರನ್ನು ನೋಡಿದ್ದೇನೆ. ಮತ್ತೆ ಈಗಾಗಲೇ ಹೋದ 18,500? ಅದು ಹೋಯಿತು. ‘ಇಷ್ಟು ಹಾಕಿ ಆಯಿತು, ಇನ್ನು ಬಿಟ್ಟರೆ ಅದೂ ದಂಡ’ ಎಂದು ಅನ್ನಿಸಿದಾಗ ಎದ್ದು ಒಂದು ಲೋಟ ನೀರು ಕುಡಿಯಿರಿ.

ಮೊತ್ತ ಗೊತ್ತಾದ ಮೇಲೆ ಅದನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ‘ನಮ್ಮ ಕೈಯಲ್ಲಿ ಇನ್ನು 12,000 ಉಂಟು, ಅದರೊಳಗೆ ಎಂತ ಮಾಡಬಹುದು?’ ಈ ಒಂದು ವಾಕ್ಯ ಹೇಳಲು ಜನ ಎಷ್ಟು ಒದ್ದಾಡುತ್ತಾರೆ ಎಂದರೆ! ನಾವೂ ಕಡಿಮೆ ಇಲ್ಲ. ನನ್ನ ಕಥೆ ಕೇಳಿ. ಹತ್ತು ಹದಿನೈದು ವರ್ಷದ ಹಿಂದೆ ಒಬ್ಬರು ನಿವೃತ್ತ ಮೇಷ್ಟ್ರು ಬ್ರಹ್ಮಾವರದ ಕಡೆಯಿಂದ ಬಸ್ಸಿನಲ್ಲಿ ಒಂದು ಮುದಿ ಪಾಮರೇನಿಯನ್ ತರುತ್ತಿದ್ದರು. ಬೆತ್ತದ ಬುಟ್ಟಿಯೊಳಗೆ, ಮೇಲೆ ಅವರದೇ ಬೈರಾಸು ಮುಚ್ಚಿ. ಹಳೇ ಕಿಡ್ನಿ ಕಾಯಿಲೆ. ಮೊದಲ ವಾರಕ್ಕೇ ನನಗೆ ಗೊತ್ತಾಗಿತ್ತು. ಮೇಷ್ಟ್ರು ಏನೂ ಕೇಳಲಿಲ್ಲ, ನಾನು ಏನೂ ಹೇಳಲಿಲ್ಲ. ‘ನಾಳೆಯೂ ತರಲಾ?’ ಎನ್ನುತ್ತಿದ್ದರು, ‘ತನ್ನಿ’ ಎನ್ನುತ್ತಿದ್ದೆ. ಇಪ್ಪತ್ತಮೂರು ದಿನ. ಕೊನೆಗೆ ಅದು ಹೋಯಿತು. ತಿಂಗಳು ಕಳೆದು ಅವರ ಮಗ ಬಾಕಿ ಕೊಡಲು ಬಂದಾಗ ಗೊತ್ತಾಯಿತು, ಅಮ್ಮನ ಬಳೆ ಅಡವಿಗೆ ಹೋಗಿತ್ತು ಎಂದು. ಆ ಮಗ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಅಂದಿನಿಂದ ಮೊದಲ ದಿನವೇ ಚೀಟಿಯ ಹಿಂದೆ ಮೂರು ಸಾಲು ಬರೆದುಕೊಡುತ್ತೇನೆ: ಗುಣವಾಗುವ ಸಾಧ್ಯತೆ ಹೇಗೆ, ಮೂರು ದಿನಕ್ಕೆ ಎಷ್ಟು ಖರ್ಚು, ಯಾವಾಗ ನಿಲ್ಲಿಸುವುದು. ನಿಮ್ಮ ಡಾಕ್ಟರ್ ಬರೆದುಕೊಡದಿದ್ದರೆ ನೀವೇ ಕೇಳಿ ಬರೆದುಕೊಳ್ಳಿ.

ಎಲ್ಲ ಕಾಯಿಲೆಗೂ ಇಷ್ಟು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ ಎಂದೂ ಹೇಳಿಬಿಡುತ್ತೇನೆ, ಬೇರೆ ಓದುಗರಿಗೂ ಆಯಿತು. ಹೆಣ್ಣು ನಾಯಿಯ ಗರ್ಭಕೋಶದಲ್ಲಿ ಕೀವು ತುಂಬಿದರೆ ಆಪರೇಷನ್ ಮಾಡಿಸಿ, ಆ ದಿನವೇ. ಒಮ್ಮೆ ಖರ್ಚು, ಕಾಯಿಲೆ ಬೇರು ಸಹಿತ ಹೋಯಿತು. ಬೀದಿ ನಾಯಿಗಳಿಂದ ಹರಡುವ ಜನನಾಂಗದ ಗಡ್ಡೆ ನೋಡಲು ಭಯಂಕರ, ರಕ್ತ ಸುರಿಯುತ್ತಿರುತ್ತದೆ, ಜನ ಕ್ಯಾನ್ಸರ್ ಎಂದು ಕೈಬಿಡುತ್ತಾರೆ. ವಾರಕ್ಕೊಂದರಂತೆ ನಾಲ್ಕಾರು ವಿನ್‌ಕ್ರಿಸ್ಟಿನ್ ಇಂಜೆಕ್ಷನ್ನಿಗೆ ಹೆಚ್ಚಿನವು ಕರಗಿ ಹೋಗುತ್ತವೆ. ವಾಂತಿ-ಭೇದಿ ಮಾಡಿಸುವ ಪಾರ್ವೊ ವೈರಸ್ ಬಂದ ಮರಿಗೆ ನಾಲ್ಕೈದು ದಿನ ಡ್ರಿಪ್ ಕೊಟ್ಟು ದಾಟಿಸಿದರೆ ಆಮೇಲೆ ಇಡೀ ಆಯುಷ್ಯ ಉಂಟು. ಇಂಥ ಕಡೆ ಸಾಲ ಕೇಳಿದರೂ ತಪ್ಪಿಲ್ಲ ಎನ್ನುವವನು ನಾನು. ಮೂಳೆಯ ಕ್ಯಾನ್ಸರ್, ಮುದಿ ನಾಯಿಯ ಹೃದಯದ ಕಾಯಿಲೆ, ಸವೆದ ಕಿಡ್ನಿ, ಇವು ಬೇರೆ ಲೆಕ್ಕ.

ನಾಲ್ಕನೆಯ ದಿನ ಸುದ್ದಿ ಕೆಟ್ಟದಿದ್ದರೆ? ಅಡ್ಮಿಟ್ ನಿಲ್ಲಿಸುವುದೆಂದರೆ ಕರಿಯನನ್ನು ಕೈಬಿಡುವುದಲ್ಲ. ವಾಂತಿಯ ಮದ್ದು, ಹೊಟ್ಟೆ ಉರಿಯ ಮದ್ದು, ಚರ್ಮದಡಿ ನೀರು, ಇವಿಷ್ಟು ಕೊನೆಯ ತನಕ ಬೇಕು. ಇದಕ್ಕೆ ಜಾಸ್ತಿ ದುಡ್ಡು ಬೇಡ. ರಿಂಗರ್ ಲ್ಯಾಕ್ಟೇಟ್ ಬಾಟಲಿಯ ಬೆಲೆ ಹೋಟೆಲಿನ ಒಂದು ಊಟದಷ್ಟು. ನಮ್ಮ ಜನ ಅದಕ್ಕೂ ‘ಗ್ಲೂಕೋಸ್’ ಎಂದೇ ಹೇಳುವುದು, ಇರಲಿ. ಹಾಕುವುದನ್ನು ಡಾಕ್ಟರ್ ಒಮ್ಮೆ ತೋರಿಸಿಕೊಟ್ಟರೆ ನೀವೇ ಮಾಡಬಹುದು. ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನ ಬಕೆಟ್ಟಿನಲ್ಲಿ ಹತ್ತು ನಿಮಿಷ ಇಡಿ. ತಣ್ಣಗಿದ್ದರೆ ನಾಯಿ ನಡುಗುತ್ತದೆ. ಕಿಟಕಿಯ ಸರಳಿಗೆ ನೇತು ಹಾಕಿ. ಹೆಗಲುಗಳ ನಡುವಿನ ಚರ್ಮ ಎತ್ತಿದರೆ ಕೆಳಗೆ ಸಣ್ಣ ಗುಹೆಯಂತೆ ಜಾಗವಾಗುತ್ತದೆ, ಸೂಜಿ ಅಲ್ಲಿಗೆ. ಬೆನ್ನಿನ ಮೇಲೆ ಒಂಟೆಯ ಡುಬ್ಬದ ಹಾಗೆ ನೀರು ನಿಲ್ಲುತ್ತದೆ, ಆಮೇಲೆ ಇಳಿದು ಮುಂಗಾಲಿನ ಹತ್ತಿರ ಜೋಲುತ್ತದೆ. ಹೆದರಬೇಡಿ, ಬೆಳಗಾಗುವಾಗ ಮೈ ಹೀರಿರುತ್ತದೆ. ಎಷ್ಟು ಎಂ.ಎಲ್. ಎನ್ನುವುದನ್ನು ಡಾಕ್ಟರೇ ಹೇಳಬೇಕು. ಊಟಕ್ಕೆ ಬೂತಾಯಿ ತಲೆ, ಮೂಳೆ, ಒಣಮೀನು ಬಂದ್. ಅವುಗಳ ರಂಜಕ ಮತ್ತು ಉಪ್ಪು ಕಿಡ್ನಿಗೆ ಭಾರ. ಮೆತ್ತಗೆ ಬೇಯಿಸಿದ ಅನ್ನ, ಮೊಟ್ಟೆಯ ಬಿಳಿ, ಒಂದು ಚಮಚ ತುಪ್ಪ. ತಿನ್ನದಿದ್ದರೆ ಒತ್ತಾಯ ಬೇಡ. ಕಿಡ್ನಿ ಸೋತ ನಾಯಿಗೆ ಬಾಯಿಗೆ ತುರುಕುವುದು ಒಂದು ಹಿಂಸೆಯೇ. ಮಾತ್ರೆಗಳಲ್ಲಿ ಕೆಲವು ಮನುಷ್ಯರದ್ದೇ, ಡಾಕ್ಟರನ್ನು ಕೇಳಿ ಜನೌಷಧಿ ಕೇಂದ್ರದಲ್ಲಿ ತಂದರೆ ಖರ್ಚು ಇಳಿಯುತ್ತದೆ. ಕೇಳಿ ತನ್ನಿ, ಮತ್ತೆ ಆ ನೋವಿನ ಮಾತ್ರೆಯ ಕಥೆ ಆಗುವುದು ಬೇಡ.

ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕ ಬರೆಯುತ್ತೀರಲ್ಲ, ಅಲ್ಲೇ ಪ್ರತಿ ರಾತ್ರಿ ಒಂದು ಗುರುತು ಹಾಕಿ. ಇವತ್ತು ಕರಿಯ ತಾನಾಗಿ ಎದ್ದನಾ, ಏನಾದರೂ ಬಾಯಿಗೆ ಹಾಕಿದನಾ, ಗೇಟಿನ ಸದ್ದಿಗೆ ತಲೆ ಎತ್ತಿದನಾ? ಒಳ್ಳೆಯ ದಿನಕ್ಕೆ ಸೊನ್ನೆ, ಕೆಟ್ಟ ದಿನಕ್ಕೆ ಗೆರೆ. ಮನಸ್ಸು ನಿನ್ನೆಯದನ್ನು ಮರೆಯುತ್ತದೆ. ಒಂದು ಸಲ ಬಾಲ ಅಲ್ಲಾಡಿಸಿದರೆ ವಾರದ ಕೆಟ್ಟದ್ದೆಲ್ಲ ಅಳಿಸಿಹೋಗುತ್ತದೆ. ಕ್ಯಾಲೆಂಡರ್ ಮರೆಯುವುದಿಲ್ಲ. ಸಾಲಾಗಿ ನಾಲ್ಕು ಗೆರೆ ಬಿದ್ದರೆ ನನಗೆ ಅಥವಾ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ. ಈ ಗುರುತು ಹಾಕುವ ಕೆಲಸ ಮಾವನಿಗೆ ಕೊಡಿ. ‘ನಾಯಿಗೆ ಅಷ್ಟು ದುಡ್ಡಾ’ ಎಂದವರು ಅವರು, ಹೌದು. ಅವರ ಕಾಲದಲ್ಲಿ ನಾಯಿ ಅಂಗಳದ್ದು, ಉಳಿದ ಗಂಜಿ ಉಂಡು ಕಾವಲು ಕಾಯುವುದು. ಅವರಿಗೆ ಆ ಮಾತು ಬಿಟ್ಟು ಬೇರೆ ಮಾತು ಗೊತ್ತಿಲ್ಲ. ರಾತ್ರಿ ಮೂರು ಸಲ ಏಳುವವರಿಗೆ ಒಳ್ಳೆಯ ದಿನ ಯಾವುದು, ಕೆಟ್ಟ ದಿನ ಯಾವುದು ಎಂದು ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಈಗ ಪಾಪದ ವಿಷಯ. ದಯಾಮರಣ ಕೊಡಿಸುವುದು ಪಾಪ ಎಂದು ನಂಬುವವರಿದ್ದಾರೆ, ಕೊಡಲು ಒಪ್ಪದ ಡಾಕ್ಟರುಗಳೂ ಇದ್ದಾರೆ. ನಾನು ಕೊಡುತ್ತೇನೆ. ಮೊದಲು ಮಂಪರಿನ ಇಂಜೆಕ್ಷನ್, ಹತ್ತು ನಿಮಿಷದಲ್ಲಿ ನಿದ್ದೆ. ಆಮೇಲೆ ಅರಿವಳಿಕೆಯ ಮದ್ದನ್ನೇ ಹೆಚ್ಚು ಪ್ರಮಾಣದಲ್ಲಿ ರಕ್ತನಾಳಕ್ಕೆ. ಒಂದೆರಡು ನಿಮಿಷದಲ್ಲಿ ಉಸಿರು ನಿಲ್ಲುತ್ತದೆ. ಕಣ್ಣು ತೆರೆದೇ ಇರುತ್ತದೆ, ಒಮ್ಮೊಮ್ಮೆ ಸತ್ತ ಮೇಲೂ ಒಂದು ಉಸಿರು ಎಳೆದಂತಾಗುತ್ತದೆ. ಮಗಳು ಹತ್ತಿರ ನಿಲ್ಲುವುದಾದರೆ ಅವಳಿಗೆ ಇದನ್ನು ಮೊದಲೇ ಹೇಳಿ. ಬೇಡ ಎಂದು ನಿಮಗೆ ಅನ್ನಿಸಿದರೆ ಮೇಲೆ ಹೇಳಿದ ಆರೈಕೆಯಲ್ಲೇ ಜಗಲಿಯಲ್ಲಿ ಅವನ ದಿನ ಮುಗಿಯಲಿ, ಅದೂ ಆದೀತು. ನನ್ನ ಲೆಕ್ಕದಲ್ಲಿ ತಪ್ಪು ಒಂದೇ: ಎರಡೂ ಮಾಡದೆ ದೂರ ಕೊಂಡುಹೋಗಿ ಬಿಟ್ಟು ಬರುವುದು. ಮೀನು ಬಂದರಿನ ಹತ್ತಿರ ಕುತ್ತಿಗೆಯಲ್ಲಿ ಪಟ್ಟಿ ಇರುವ ಮುದಿ ನಾಯಿಗಳನ್ನು ನೋಡಿದ್ದೇನೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅದು ಅಪರಾಧ. ನೀವು ಅಂಥವರಲ್ಲ, ಪತ್ರದಲ್ಲೇ ಗೊತ್ತಾಗುತ್ತದೆ.

ಇನ್ಶೂರೆನ್ಸ್ ಮಾಡಬಹುದಿತ್ತಾ ಎಂದು ಯೋಚಿಸಿ ಕೊರಗಬೇಡಿ. ಬಂದ ಕಾಯಿಲೆಗೆ ಅದು ಸಿಗುವುದಿಲ್ಲ. ಮುಂದೆ ಮರಿ ತಂದರೆ ನೋಡುವ. ಅದಕ್ಕಿಂತ ಸುಲಭದ್ದು ನಮ್ಮೂರಲ್ಲೇ ಉಂಟು: ಪಿಗ್ಮಿ. 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಬ್ಯಾಂಕಿನವರು ದಿನಕ್ಕೆ ಎರಡಾಣೆ ಮನೆಬಾಗಿಲಿಗೆ ಬಂದು ಸಂಗ್ರಹಿಸಲು ಶುರು ಮಾಡಿದ್ದು ಈ ನೆಲದಲ್ಲೇ ಅಲ್ವಾ? ದಿನಕ್ಕೆ 20 ರೂಪಾಯಿ ನಾಯಿಯ ಹೆಸರಿನಲ್ಲಿ ಕಟ್ಟಿದರೆ ವರ್ಷಕ್ಕೆ 7,300. ಇಲಿ ಜ್ವರವೂ ಸೇರಿದ ವರ್ಷದ ಲಸಿಕೆ, ಉಣ್ಣಿಯ ಮದ್ದು ಅದರಲ್ಲೇ ಆಗಿ ಸ್ವಲ್ಪ ಉಳಿಯುತ್ತದೆ ಕೂಡ.

ಇವತ್ತು ಮಾಡಬೇಕಾದ್ದು ಇಷ್ಟೇ. ಆ ಸ್ಟ್ರಿಪ್ ಹುಡುಕಿ. ಡ್ರಿಪ್ ಹಾಕಿಸುವ ಮೊದಲು ಮೂತ್ರ ಪರೀಕ್ಷೆ ಮಾಡಿಸಿ. ಮೂರು ದಿನಕ್ಕೆ ಎಷ್ಟಾಗುತ್ತದೆ ಎಂದು ಬರೆಸಿಕೊಳ್ಳಿ. ನಾಲ್ಕನೆಯ ದಿನದ ಕ್ರಿಯಾಟಿನಿನ್ ಎಷ್ಟು ಬಂತು ಎಂದು ನನಗೂ ತಿಳಿಸಿ. ಮತ್ತೆ ಮಾವ ರಾತ್ರಿ ಏಳುವಾಗ ಕತ್ತಲಲ್ಲಿ ಹುಡುಕುವುದು ಬೇಡ, ಒಂದು ಜೊತೆ ಗ್ಲೌಸ್ ಅವರ ಟಾರ್ಚಿನ ಪಕ್ಕದಲ್ಲೇ ಇಡಿ.